ಆಳದ ನೀರಿನ ರುಚಿ

ಸೋರೆಬುರುಡೆಯನ್ನು ಬೋರಲಾಗಿ ಹಿಡಿದು, ಭುಜದವರೆಗೆ ಕೈಯನ್ನು ನದಿಯೊಳಗೆ ಇಳಿಸಿ, ಅಲ್ಲಿ ಅದನ್ನು ತಿರುಗಿಸಬೇಕು. ಹಾಗೆ ಮಾಡಿದರೆ ಮಾತ್ರ ಆಳದ ನೀರು ಸಿಗುತ್ತದೆ. ಮೇಲಿನದು ಮಳೆಯ ನೀರು, ಹಗುರ. ಕಡಲಿನಿಂದ ಬಂದ ಉಪ್ಪುನೀರು ಅದರ ಕೆಳಗೆ ಮಲಗಿರುತ್ತದೆ. ನನ್ನ ಅಜ್ಜಿ ತೆನೆಂಗ್ ಪ್ರತಿ ಮಳೆಗಾಲದಲ್ಲಿ, ಉಬ್ಬರ ತುಂಬಿದ ಹೊತ್ತಿಗೆ, ಹೀಗೆ ನೀರು ತೆಗೆದು ಒಂದು ಗುಟುಕು ಬಾಯಲ್ಲಿಟ್ಟು ಉಗುಳುತ್ತಿದ್ದಳು. ದಡದ ಬಾವೋಬಾಬ್ ಮರದ ಕೆಳಗೆ ನಿಂತ ಹೆಂಗಸರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

ಬೇಸಿಗೆಯಲ್ಲಿ ಕಡಲು ನಮ್ಮ ಊರಿನವರೆಗೂ ನದಿಯೊಳಗೆ ಏರಿ ಬರುತ್ತಿತ್ತು. ಮಳೆ ಹಿಡಿದ ಮೇಲೆ ಉಪ್ಪು ಹಿಂದೆ ಸರಿಯುತ್ತಿತ್ತು. ಸರಿಯಿತೆಂದು ಅಜ್ಜಿ ಹೇಳಿದ ದಿನವೇ ಒಡ್ಡಿನ ತೂಬು ತೆರೆದು ಗದ್ದೆಗೆ ನೀರು ಬಿಡುವುದು, ನಾಟಿ ಮಾಡುವುದು. ಎತ್ತರದ ಹೊಲಗಳ ಕಡಲೆಕಾಯಿ ಗಂಡಸರದು, ಅದು ಮಾರುವುದಕ್ಕೆ. ತಗ್ಗಿನ ಭತ್ತ ಹೆಂಗಸರದು, ಅದು ಉಣ್ಣುವುದಕ್ಕೆ. ನದಿಯಾಚೆಯ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಊರಿನ ಚರಿತ್ರೆಯಲ್ಲಿ ಕಡಲೆಕಾಯಿ ಒಯ್ದ ಹಡಗುಗಳಿದ್ದವು, ಹಡಗುಕಟ್ಟೆ ಕಟ್ಟಿಸಿದ ವರ್ತಕರ ಹೆಸರುಗಳಿದ್ದವು. ಭತ್ತ ಇರಲಿಲ್ಲ. ಯಾಕಿಲ್ಲ ಎಂದು ಕೇಳಲು ಕೈ ಎತ್ತಿದವಳು, ಮೇಷ್ಟ್ರು ಈ ಕಡೆ ತಿರುಗುವಷ್ಟರಲ್ಲಿ ಇಳಿಸಿಬಿಟ್ಟಿದ್ದೆ. ಐದನೆಯ ತರಗತಿ ಮುಗಿಯುವ ಮೊದಲೇ ಅಮ್ಮನಿಗೆ ಗದ್ದೆಯಲ್ಲಿ ಆಳು ಸಾಲದಾಯಿತು, ನನ್ನ ಶಾಲೆ ನಿಂತಿತು.

ಅಜ್ಜಿಯ ಸಂಗತಿ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಒಂದು ಬೆಳಿಗ್ಗೆ ಅವಳ ಸಜ್ಜೆಗಂಜಿಗೆ ಸಕ್ಕರೆಯೆಂದು ಉಪ್ಪು ಸುರಿದಿದ್ದೆ. ಮಡಕೆಯ ತಳದಲ್ಲಿ ಉಳಿದದ್ದನ್ನು ನೆಕ್ಕಿ ನೋಡಿ ಓಡಿ ಬರುವಷ್ಟರಲ್ಲಿ ಅವಳು ಬಟ್ಟಲು ಬರಿದು ಮಾಡಿ ಬೆರಳು ಚೀಪುತ್ತಿದ್ದಳು. "ಇವತ್ತು ಚೆನ್ನಾಗಿ ಮಾಡಿದ್ದೀಯ," ಎಂದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅವಳಿಗೂ ಅರ್ಥವಾಯಿತು. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು.

ಆ ಮಳೆಗಾಲದಲ್ಲಿ, ಹುಡುಗಿ ಕಲಿಯಲಿ ಎಂದು ಎಲ್ಲರಿಗೂ ಹೇಳಿ, ಅವಳು ನನ್ನನ್ನೂ ನೀರಿಗಿಳಿಸಿದಳು. ಬುರುಡೆ ಮೊದಲು ನನ್ನ ಬಾಯಿಗೆ, ಆಮೇಲೆ ಅವಳ ಬಾಯಿಗೆ. "ಸಿಹಿಯಾಗಿದ್ದರೆ ನನ್ನ ಬೆರಳು ಒತ್ತು," ಎಂದಷ್ಟೇ ಹೇಳಿದಳು. ಯಾಕೆಂದು ನಾನು ಕೇಳಲಿಲ್ಲ. ಎರಡು ವರ್ಷ ಊರು ನನ್ನ ನಾಲಿಗೆಯನ್ನು ನಂಬಿ ನಾಟಿ ಮಾಡಿತು, ಹಾಗೆಂದು ಅದಕ್ಕೆ ಗೊತ್ತಿಲ್ಲದೆಯೇ. ಹೊಗಳಿಕೆ ಅಜ್ಜಿಗೆ ಹೋಯಿತು. ನನಗೆ ಅದರ ಬೇಸರವಿರಲಿಲ್ಲ.

ಮೂರನೆಯ ವರ್ಷ ಮಳೆ ತಡವಾಯಿತು. ಸಸಿಮಡಿಯಲ್ಲಿ ಭತ್ತದ ಅಗೆ ಬಲಿತು ಮೊಣಕಾಲು ಮುಟ್ಟಿತ್ತು. ಹನ್ನೊಂದು ದಿನ ನದಿಗಿಳಿದೆವು. ಹನ್ನೊಂದು ದಿನವೂ ನಾನು ಬೆರಳು ಒತ್ತಲಿಲ್ಲ. ಹೆಂಗಸರು ಗೊಣಗತೊಡಗಿದರು. ಹನ್ನೆರಡನೆಯ ದಿನ ತೂಬು ನೋಡಿಕೊಳ್ಳುವ ಕೆಮೋ ಮಾವ ಕೋಲಾ ಬೀಜ ಅಗಿಯುತ್ತ ದಡಕ್ಕೆ ಬಂದ. ಅವನು ಅಜ್ಜಿಯ ತಂಗಿಯ ಮಗ. ತೂಬಿನ ಹಲಗೆ ಎತ್ತಲು ಆರು ಜನ ಬೇಕು; ಆ ಆರೂ ಜನ ಮಾರನೆಯ ದಿನ ಕಡಲೆಕಾಯಿಯ ಕಳೆ ತೆಗೆಯಲು ದೂರದ ಹೊಲಗಳಿಗೆ ಹೊರಡುವವರಿದ್ದರು. ಅವನು ಬೀಜ ಉಗುಳಿ, ಬಗ್ಗಿ, ಬೊಗಸೆಯಲ್ಲಿ ನೀರು ಎತ್ತಿ ಕುಡಿದೇಬಿಟ್ಟ.

"ಬಾವಿ ನೀರಿನ ಹಾಗಿದೆ," ಎಂದ. "ಇನ್ನೂ ಯಾರಿಗೆ ಕಾಯ್ತಿದೀರಿ ದೊಡ್ಡಮ್ಮ, ಮದುಮಗನಿಗಾ?"

ಹೆಂಗಸರು ನಕ್ಕರು.

"ನೀನು ಕುಡಿದದ್ದು ಮೋಡದ ನೀರು," ಎಂದಳು ಅಜ್ಜಿ. "ನದಿ ಅದರ ಕೆಳಗಿದೆ."

ನಾನು ಬುರುಡೆ ಇಳಿಸಿ ತಿರುಗಿಸಿದೆ, ಬಾಯಿಗಿಟ್ಟೆ. ಉಪ್ಪು, ನಿನ್ನೆಗಿಂತ ಒಂದು ಹನಿಯೂ ಕಡಿಮೆಯಿಲ್ಲ. ನನ್ನ ಕೈ ಸುಮ್ಮನಿತ್ತು. ಅಜ್ಜಿ ತನ್ನ ಗುಟುಕು ತೆಗೆದುಕೊಂಡಳು.

"ನೀರು ಸರಿಯಾಗೇ ಇದೆ ಬಿಡಿ," ಕೆಮೋ ಮಾವ ಹೆಂಗಸರ ಕಡೆ ತಿರುಗಿದ. "ನಾಲಿಗೆಗೆ ವಯಸ್ಸಾಗಿದೆ."

ಅವನು ಅಂದದ್ದು ತಮಾಷೆಗೆ. ಅವನಿಗೇನೂ ಗೊತ್ತಿರಲಿಲ್ಲ. ಆದರೆ ನನ್ನ ಕೈಯೊಳಗೆ ಅಜ್ಜಿಯ ಬೆರಳು ಬಿಗಿಯಿತು. ಅವಳು ಉಗುಳಿ, ಬಾಯಿ ಒರೆಸಿಕೊಂಡಳು.

"ಸಿಹಿ," ಎಂದಳು.

ನಾನು ಬಾಯಿ ತೆರೆದೆ. ಹೇಳಿದರೆ ಅಜ್ಜಿಯ ಮಾನ ಹೋಗುತ್ತಿತ್ತು. ಹೇಳದಿದ್ದರೆ ಭತ್ತ ಹೋಗುತ್ತಿತ್ತು. ಶಾಲೆಯಲ್ಲಿ ಎತ್ತಿದ ಕೈಯ ಹಾಗೆ ಮಾತು ಅರ್ಧಕ್ಕೆ ಏರಿ ಇಳಿದುಹೋಯಿತು. ಅಷ್ಟರಲ್ಲಿ ಹೆಂಗಸರು ಅಗೆ ಕೀಳಲು ಓಡಿದ್ದರು.

ತೂಬು ತೆರೆದು ನಾಟಿ ಮಾಡಿದ ವಾರದೊಳಗೆ ಗದ್ದೆಯ ಸಸಿಗಳು ತುದಿಯಿಂದ ಬೆಳ್ಳಗಾಗಿ, ಆಮೇಲೆ ಕೆಂಪಾಗಿ ಒಣಗಿದವು. ಒಣಗಿದ ಮಣ್ಣಿನ ಮೇಲೆ ಬೂದಿಯಂಥ ಉಪ್ಪಿನ ಪದರ ಎದ್ದಿತ್ತು. ತೂಬು ಮುಚ್ಚಿಸಿದ ಕೆಮೋ ಮಾವ, ಈ ಸಲ ನದಿ ಮೋಸ ಮಾಡಿತು ಎಂದ. ಊರೂ ಹಾಗೇ ಅಂದಿತು. ನದಿ ಹನ್ನೆರಡು ದಿನವೂ ಸುಳ್ಳಾಡಿರಲಿಲ್ಲ. ನನಗೆ ಕೆಮೋ ಮಾವನ ಮೇಲೆ, ಅಜ್ಜಿಯ ಮೇಲೆ, ಎಲ್ಲಕ್ಕಿಂತ ನನ್ನ ಬಾಯಿಯ ಮೇಲೆ ಸಿಟ್ಟು. ಮೂರು ದಿನ ನಾನು ಅಜ್ಜಿಯೊಡನೆ ಮಾತು ಬಿಟ್ಟೆ. ಅದು ಯಾರ ಗಮನಕ್ಕೂ ಬರಲಿಲ್ಲ. ಮೊದಲೂ ನಾನು ಆಡುತ್ತಿದ್ದದ್ದು ಅಷ್ಟೇ.

ನಾಟಿಯಲ್ಲಿ ಸತ್ತ ಸಸಿಗಳ ಜಾಗ ತುಂಬಲು ಪ್ರತಿ ಮನೆಯವರೂ ಮಡಿಯ ಒಂದು ಮೂಲೆಯನ್ನು ಕೀಳದೆ ಉಳಿಸುವ ರೂಢಿ ನಮ್ಮಲ್ಲಿತ್ತು. ಆ ವರ್ಷಕ್ಕೆ ಉಳಿದದ್ದು ಅದಿಷ್ಟೇ. ಮತ್ತೆ ಎರಡು ವಾರ ಮಳೆ ಸುರಿದ ಮೇಲೆ ಹೆಂಗಸರಿಗೆ ತಾಳ್ಮೆ ತೀರಿತು. ಆ ಅಗೆಯನ್ನೂ ಕಿತ್ತು ಕಟ್ಟಿ, ತಲೆಯ ಮೇಲೆ ಹೊತ್ತು ದಡಕ್ಕೆ ಬಂದರು. ಕೆಮೋ ಮಾವ ಜನರನ್ನು ಕರೆತಂದು ತೂಬಿನ ಬಳಿ ನಿಲ್ಲಿಸಿದ್ದ.

ನಾನು ಬುರುಡೆ ತುಂಬಿ ಮೇಲೆತ್ತಿದೆ. ನಾನು ರುಚಿ ನೋಡಿದ ಮೇಲೆ ಅಜ್ಜಿ ಅದನ್ನು ತನ್ನ ಬಾಯಿಗೆ ಒಯ್ಯಲಿಲ್ಲ. ನೀರನ್ನು ನದಿಗೆ ಚೆಲ್ಲಿ, ಬರಿದಾದ ಬುರುಡೆಯನ್ನು ನನ್ನ ಕೈಗಿಟ್ಟು, ದಡದ ಕಡೆ ತಿರುಗಿದಳು.

"ಕೆಮೋ, ಅವತ್ತು ನೀನಂದದ್ದು ನಿಜ. ಮೂರು ಮಳೆಗಾಲದಿಂದ ನನ್ನ ನಾಲಿಗೆ ಸತ್ತಿದೆ. ರುಚಿ ನೋಡುತ್ತಿದ್ದವಳು ಇವಳು. ಅವತ್ತು ಉಪ್ಪಿದೆ ಅಂತ ನನಗೆ ತಿಳಿಸಿದ್ದಳು. ಸುಳ್ಳು ಹೇಳಿದವಳು ನಾನು."

ಆಮೇಲೆ ಅವಳು ನನ್ನನ್ನು ಕೇಳಿದಳು, "ಹೇಗಿದೆ ಮಗಳೇ?"

ಊರೆದುರು ನಾನು ಆಡಿದ ಮೊದಲ ಮಾತು ಯಾರಿಗೂ ಬೇಡವಾದ ಮಾತಾಗಿತ್ತು.

"ಉಪ್ಪು," ಎಂದೆ.

"ಕೇಳಿಸಲಿಲ್ಲ," ಎಂದ ಕೆಮೋ ಮಾವ. ನಿಜಕ್ಕೂ ಕೇಳಿಸಿರಲಿಲ್ಲ.

"ಉಪ್ಪು ಇದೆ ಮಾವ. ಇನ್ನೂ ಕಾಯಬೇಕು."

ಅವನು ತೂಬಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಹೆಂಗಸರಲ್ಲಿ ಒಬ್ಬಳು ತಲೆಯ ಮೇಲಿನ ಕಟ್ಟನ್ನು ನಿಧಾನವಾಗಿ ಇಳಿಸಿ, ಮರದ ಬುಡದ ಮಳೆನೀರಿನ ಹೊಂಡದಲ್ಲಿ, ಬೇರು ನೆನೆಯುವಂತೆ ನಿಲ್ಲಿಸಿದಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು ತನ್ನದನ್ನು ಇಟ್ಟಳು. ನಾನು ಸೊಂಟದವರೆಗಿನ ನೀರಿನಲ್ಲಿ ಬುರುಡೆಯನ್ನು ಬೋರಲಾಗಿ ಹಿಡಿದು ನಿಂತಿದ್ದೆ. ಒಂದೊಂದೇ ಕಟ್ಟು ಸೇರಿ ಹೊಂಡ ಹಸಿರಾಗುತ್ತ ಹೋಯಿತು.