ಕಾರಿಗೆ ಕೇಳಿದ ಪ್ರಸಾದ

ಒಣಮೀನಿನ ವಾಸನೆ, ಕಾರಿನದಲ್ಲ, ತನ್ನದೇ ಚೀಲದ್ದು, ಅಮ್ಮ ಅಣ್ಣನಿಗೆಂದು ಕಟ್ಟಿಕೊಟ್ಟ ಒಣ ಶೆಟ್ಲಿ — ಮುಂಬಯಿಯ ಐಸಿಯುನಲ್ಲಿ ಮಲಗಿದವನಿಗೆ ಅದನ್ನು ಯಾರು ತಿನ್ನಿಸುತ್ತಾರೆ ಎಂದು ವಿನುತಾ ಕೇಳಿರಲಿಲ್ಲ, ಕೇಳುವ ಬಾಯಿ ಅವಳಿಗೆ ಯಾವತ್ತೂ ಬಂದದ್ದಿಲ್ಲ. ಗೋವಾದಲ್ಲಿ ಸಂಜೆಯ ವಿಮಾನ ಹಿಡಿದರೆ ಸುಮಿತಣ್ಣ ಕಣ್ಣು ಮುಚ್ಚುವ ಮೊದಲು — ಬಿಡ್ತು ಅನ್ನು, ಬಿಡ್ತು — ಸಿಕ್ಕಿಯಾನು. ಹಾರವಾಡದಿಂದ ವಿಮಾನಕ್ಕೆ ಹೋಗುವವರು ಮಡಗಾಂವ್ ತನಕ ರೈಲು ಹಿಡಿಯುತ್ತಾರೆ, ಬಸ್ಸು ಬದಲಿಸುತ್ತ ಹೋಗುವವರೂ ಇದ್ದಾರೆ, ಅವಸರದವರಿಗೆ ಕಾರು, ಆದರೆ ಅವರ ಮನೆಯಲ್ಲಿ ಎಲ್ಲಕ್ಕೂ ಮೊದಲು ದೇವಿಗೆ ಹೂ ಹಚ್ಚಿ ಪ್ರಸಾದ ಕೇಳಬೇಕು, ಎಸಳು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಇಲ್ಲ. ಬೆಳಿಗ್ಗೆ ಪೂಜೆಯ ಬೀರಾ ಒದ್ದೆ ಎಸಳು ಅಂಟಿಸಿ, ಎಂತ ಕೇಳೂದು ಕಾಶಕ್ಕಾ, ಅಂದ, ಅಮ್ಮ, ಕಾರಲ್ಲಿ ಕಳ್ಸೂದಾ ಕೇಳು, ಅಂದು ಕಣ್ಣು ಮುಚ್ಚಿದಳು, ಎಸಳು ಎಡಕ್ಕೆ ಜಾರಿತು, ಬಿದ್ದ ಸದ್ದು ಕೇಳಿಸಿತು — ಎಸಳಿಗೆ ಎಲ್ಲಿಯ ಸದ್ದು, ಆದರೂ ಕೇಳಿಸಿತು. ಸರಿ, ರೈಲು, ರೈಲು ತಾಸುಗಟ್ಟಲೆ ತಡ, ಅಮ್ಮನಿಗೆ ಹೇಳದೆ ಈ ಕಾರು. ಬೆಲ್ಟ್ ಹಾಕ್ಕೋ ತಂಗಿ, ಕಾಳಿ ಸೇತುವೆ ಬಂತು, ಅನ್ನುತ್ತಾನೆ ಡ್ರೈವರ್ ಕಿಶನ, ಬಾಯಲ್ಲಿ ಎಲೆಅಡಿಕೆಯ ಕವಳ, ನೀ ಒಬ್ಳೇ ಅಲ್ವಾ, ಹತ್ತುವಾಗ ಇಬ್ರು ಇದ್ದಂಗೆ ಕಂಡ್ತು, ಕನ್ನಡಿಯಲ್ಲಿ ಅವಳ ಪಕ್ಕದ ಖಾಲಿ ಸೀಟು ನೋಡುತ್ತಾನೆ, ಅವಳು ನೋಡುವುದಿಲ್ಲ, ಹೊಳೆ ನೋಡುತ್ತಾಳೆ, ಹಳೆಯ ಸೇತುವೆ ಬಿದ್ದ ಜಾಗದಲ್ಲಿ ನೀರು ಏನೂ ಆಗದ ಹಾಗೆ ಸುಮ್ಮನಿದೆ, ನೀರಿನ ಮೇಲೆ ಎಸಳು, ಎಡಕ್ಕೆ, ಅಲ್ಲ, ಅದು ದೋಣಿ. ಫೋನು. ಎಲ್ಲಿದ್ದೆ ವಿನೂ. ರೈಲಲ್ಲಿ ಅಮ್ಮಾ. ಯಾವ ರೈಲೇ, ಸ್ಟೇಷನ್ ಕಡಿಂದ ಸೋಮು ಈಗ ಬಂದ, ರೈಲು ಬರ್ಲೇ ಇಲ್ಲ ಅಂದ, ಕಾರಾದ್ರೆ ಕಾರು, ಹೆದ್ರಬೇಡ ಮಗಾ, ದೇವಿ ಬ್ಯಾಡ ಅಂದದ್ದು ಕಾರಿಗಲ್ಲ — ಧ್ವನಿ ಬಾವಿಯ ತಳದಿಂದ ಬಂದಂತೆ — ಬಾಯಲ್ಲಿ ಕಾರು ಅಂದೆ, ಮನ್ಸಲ್ಲಿ ಬೇರೇದೇ ಕೇಳ್ಬಿಟ್ಟೆ. ಬೇರೆ ಎಂದರೆ ಏನು ಎಂದು ಅವಳು ಕೇಳುವುದಿಲ್ಲ, ಕಣ್ಣು ಮುಚ್ಚಿ ನಿಂತ ತಾಯಿ ಇನ್ನೇನು ಕೇಳಿಯಾಳು, ಮಗ ಉಳೀತಾನಾ, ಅಷ್ಟೇ ತಾನೆ, ಫೋನು ಕಟ್ಟಾಗಿದೆ, ಸೇತುವೆ ಮುಗಿಯುತ್ತಲೇ ಇಲ್ಲ, ಜೋರಾಗಿ ಬಿಡ್ಲಾ ತಂಗಿ, ವಿಮಾನ ಸಿಗ್ಬೇಕಲ್ಲ, ಹೌದು ಅನ್ನಬೇಕು, ಅನ್ನಲು ಬಾಯಿ ತೆರೆಯುತ್ತಾಳೆ, ನಾಲಿಗೆಯ ಮೇಲೆ ಒದ್ದೆಯಾಗಿ, ತಣ್ಣಗೆ, ಎಸಳು — ಜಾರುತ್ತ — ಎಡಕ್ಕೆ —