ಹಿಲ್ಮಾಳ ಕಾಲೇಜು

"ಆ ಹೂವಿನ ಚಕ್ರ ಒಳಗೆ ಬರಕೂಡದು," ಎಂದು ಆರ್ವಿಡ್, ಹೆಂಡತಿ ಹಿಲ್ಮಾಳ ಶವಪೆಟ್ಟಿಗೆ ಇಟ್ಟಿದ್ದ ಚರ್ಚಿನ ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟಿದ್ದ.

ಹೂವಂಗಡಿಯ ಹೆಂಗಸು ಚಕ್ರವನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ, ಹಿಮದಲ್ಲಿ ನಿಂತಿದ್ದಳು. ಅದರ ಪಟ್ಟಿಯ ಮೇಲೆ ಐರನ್ ಹಿಲ್ ಸಮುದಾಯ ಕಾಲೇಜಿನ ಹೆಸರಿತ್ತು.

"ಅಪ್ಪಾ, ಪಾಪ, ಚಳೀಲಿ ನಿಂತಿದಾರೆ. ಜನ ನೋಡ್ತಿದಾರೆ," ಎಂದು ಐಲಾ ತಂದೆಯ ತೋಳು ಹಿಡಿದಳು.

"ನೋಡ್ಲಿ. ಅಷ್ಟು ವರ್ಷ ದಿನಾ ಸಂಜೆ ನಿಮ್ಮಮ್ಮನ್ನ ಇಟ್ಕೊಂಡಿದ್ರಲ್ಲ, ಸಾಲ್ದಾ? ಇವತ್ತೊಂದಿನ ಅವಳು ನನ್ನೋಳು."

ಐಲಾ ಚಕ್ರವನ್ನು ತಾನೇ ಇಸಿದುಕೊಂಡು ಹೋಗಿ ಕೋಟು ತೂಗುಹಾಕುವ ಕೋಣೆಯಲ್ಲಿ ಇಟ್ಟಳು. ಹಿಂದಿನ ದಿನ ಕಾಲೇಜಿನ ಮುಖ್ಯಸ್ಥರು ಫೋನ್ ಮಾಡಿದ್ದರು. ಕಾಲೇಜಿಗೆ ಐವತ್ತು ತುಂಬಿದೆ, ನಾಳೆ ರಾಜ್ಯದ ವಿಧಾನಸಭೆಯಲ್ಲಿ ಗೌರವದ ನಿರ್ಣಯ ಓದುತ್ತಾರೆ, ಅದರಲ್ಲಿ ನಿಮ್ಮ ತಾಯಿಯ ಹೆಸರೂ ಇದೆ. ಚರ್ಚಿನಲ್ಲಿ ಎರಡು ಮಾತು ಆಡಬಹುದೇ ಎಂದು ಕೇಳಿದ್ದರು. ಆರ್ವಿಡ್ ತಲೆಯೆತ್ತದೆ "ಬೇಡ" ಎಂದಿದ್ದ.

ನಿರ್ಣಯ ಓದಬೇಕಾಗಿದ್ದವನು ಈ ಭಾಗದ ಶಾಸಕ ವೆಂಡೆಲ್ ಟೋಸ್ಟಿ, ಹಿಲ್ಮಾಳ ಹಳೆಯ ವಿದ್ಯಾರ್ಥಿ. ರಾಜಧಾನಿ ಅಲ್ಲಿಂದ ಅರ್ಧ ದಿನದ ದಾರಿ. ಪ್ರಾರ್ಥನೆ ಶುರುವಾದ ಮೇಲೆ ಅವನು ಬೂಟಿನ ಹಿಮ ಕೊಡವಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತಾಗ ಐಲಾ ತಿರುಗಿ ತಿರುಗಿ ನೋಡಿದಳು.

*

ಕಬ್ಬಿಣದ ಗಣಿ ಮುಚ್ಚಿದ ವರ್ಷ ಹಿಲ್ಮಾ ಓದಲೆಂದು ಕಾಲೇಜಿನ ಸಂಜೆಯ ತರಗತಿಗೆ ಸೇರಿದ್ದಳು. ಆಗ ಐಲಾ ಇನ್ನೂ ಚಿಕ್ಕವಳು. ಗಣಿಯ ಕೆಲಸ ಹೋದ ಆರ್ವಿಡ್ ಹಗಲೆಲ್ಲ ಮರದ ದಿಮ್ಮಿಯ ಲಾರಿ ಓಡಿಸಿ ಬಂದು, ಸಂಜೆ ಒಲೆಯ ಮುಂದೆ ನಿಲ್ಲುತ್ತಿದ್ದ. ದಿನವೂ ಆಲೂಗಡ್ಡೆ, ದಿನವೂ ತಳ ಹತ್ತಿದ್ದು. ಮಕ್ಕಳು ಕರಿಕನ್ನು ಕೆರೆದು ತೆಗೆದು ತಿನ್ನುತ್ತಿದ್ದರು.

ಜಗಳವೇನೂ ಇರಲಿಲ್ಲ. ಹಿಲ್ಮಾಳ ಕಾರಿನ ಬೆಳಕು ರಸ್ತೆಯ ತಿರುವಿನಲ್ಲಿ ಕಂಡೊಡನೆ ಆರ್ವಿಡ್ "ಬಂತು ಕಾಲೇಜು" ಎಂದು ಅಡುಗೆಮನೆಯ ದೀಪ ಆರಿಸಿ ಮಲಗಿಬಿಡುತ್ತಿದ್ದ. ಅವಳು ಕತ್ತಲಲ್ಲೇ ತಡಕಾಡಿ ಉಣ್ಣುತ್ತಿದ್ದಳು. ಪದವಿ ಕೊಟ್ಟ ದಿನವೂ ಅವನು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಗಾಡಿ ಕೆಟ್ಟಿದೆ ಎಂದ. ಗಾಡಿ ಚೆನ್ನಾಗಿಯೇ ಇತ್ತು.

ಆಮೇಲೆ ಹಿಲ್ಮಾ ಅದೇ ಕಾಲೇಜಿನಲ್ಲಿ, ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದ ದೊಡ್ಡವರಿಗೆ, ಗಣಿತ ಹೇಳಿಕೊಡುತ್ತ ಉಳಿದುಬಿಟ್ಟಳು.

*

ಮಣ್ಣು ಮಾಡಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತರು. ನೆರೆಮನೆಯ ಮುದುಕಿ ಲೆಂಪಿ ಏಲಕ್ಕಿ ಬ್ರೆಡ್ಡು ಹಂಚುತ್ತಿದ್ದಳು. ವೆಂಡೆಲ್ ತಟ್ಟೆ ಹಿಡಿದು ಬಂದು ಆರ್ವಿಡ್‌ನ ಎದುರಿಗೇ ಕೂತ.

"ಏನಯ್ಯಾ, ಇವತ್ತು ನಿಂಗೆ ರಾಜಧಾನೀಲಿ ಭಾಷಣ ಇತ್ತಂತೆ?" ಎಂದ ಆರ್ವಿಡ್.

"ಓದೋಕೆ ಯಾರಾದ್ರೂ ಸಿಕ್ತಾರೆ. ಮಣ್ಣು ಹಾಕೋಕೆ ನಾನೇ ಬರ್ಬೇಕಿತ್ತು."

"ನಿನ್ನ ಮೂರು ಸಲ ಫೇಲ್ ಮಾಡಿದ್ಲಂತಲ್ಲ ಅವಳು?"

"ನಾಲ್ಕು," ಎಂದ ವೆಂಡೆಲ್. "ಲೆಕ್ಕ ನಿಮಗೂ ಬರಲ್ಲ."

ಆರ್ವಿಡ್‌ನ ತುಟಿ ಸ್ವಲ್ಪ ಸಡಿಲವಾಯಿತು. ವೆಂಡೆಲ್ ತಟ್ಟೆ ಪಕ್ಕಕ್ಕೆ ಸರಿಸಿದ.

"ಒಂದ್ಸಲ ಕಾಲೇಜು ಮುಚ್ಚೋ ಮಾತು ಬಂದಿತ್ತಲ್ಲ, ಆಗ ನಮ್ಮನ್ನೆಲ್ಲ ಕರ್ಕೊಂಡು ಟೀಚರ್ ವಿಧಾನಸಭೆ ಸಮಿತಿ ಮುಂದೆ ಹೋಗಿದ್ರು. ಬಸ್ ಓಡಿಸಿದ್ದು ನಾನೇ. ಅಲ್ಲೊಬ್ರು ಕೇಳಿದ್ರು, ಗಣೀನೇ ಮುಚ್ಚಿದ ಊರಲ್ಲಿ ಕಾಲೇಜು ಯಾರು ನಡೆಸ್ತಿದಾರಮ್ಮ ಅಂತ. ಇವರು ಏನಂದ್ರು ಗೊತ್ತಾ?"

"ನಂಗೆ ಹೇಗೆ ಗೊತ್ತಾಗ್ಬೇಕು?"

"'ನನ್ನ ಗಂಡ' ಅಂದ್ರು. 'ಹಗಲೆಲ್ಲ ಲಾರಿ ಓಡಿಸಿ ಬಂದು ಆರು ವರ್ಷ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಹಾಕ್ದ, ಅದಕ್ಕೇ ನಾನು ಓದ್ದೆ. ನಮ್ಮೂರಲ್ಲಿ ಇಂಥೋರು ಮನೆಗೊಬ್ರಿದಾರೆ. ಮುಚ್ಚೋದಾದ್ರೆ ಬನ್ನಿ, ಅವರ ಮುಖ ನೋಡ್ಕೊಂಡು ಹೇಳಿ' ಅಂದ್ರು."

ಆರ್ವಿಡ್ ಕಾಫಿ ಲೋಟವನ್ನು ಅಂಗೈಯಲ್ಲಿ ತಿರುಗಿಸಿದ.

"ಸುಟ್ಟಿರ್ತಿತ್ತು ಅದು," ಎಂದ.

"ಅದನ್ನೂ ಹೇಳಿದ್ರು."

"ಮನೇಲಿ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ದೀಪ ಆರಿಸಿಬಿಡ್ತಿದ್ದೆ, ಅಪ್ಪಾ," ಎಂದಳು ಐಲಾ ಮೆಲ್ಲಗೆ.

ಅಷ್ಟರಲ್ಲಿ ವೆಂಡೆಲ್‌ನ ಫೋನು ಗುಂಯ್‌ಗುಟ್ಟಿತು. ಅವನು ಅದನ್ನು ಹಾಲಿನ ಜಗ್ಗಿಗೆ ಒರಗಿಸಿಟ್ಟ. ಸಣ್ಣ ಪರದೆಯಲ್ಲಿ ವಿಧಾನಸಭೆ ಕಾಣುತ್ತಿತ್ತು. ಸೂಟು ತೊಟ್ಟವರೊಬ್ಬರು ನಿರ್ಣಯ ಓದುತ್ತಿದ್ದರು. ಹಿಲ್ಮಾ ರೌಟಿಯೊ ಎಂಬಲ್ಲಿ ಅವರ ನಾಲಿಗೆ ಎಡವಿತು.

"ಅಯ್ಯೋ, ಹೆಸರನ್ನ ಜಜ್ಜಿಬಿಟ್ನಲ್ಲೇ!" ಎಂದಳು ಲೆಂಪಿ.

ಸಭೆಯಲ್ಲಿ ಎಲ್ಲರೂ ಎದ್ದು ನಿಂತರು.

"ಯಾಕೆ ಎದ್ರು?" ಆರ್ವಿಡ್ ಕಣ್ಣು ಕಿರಿದು ಮಾಡಿದ.

"ಕಾಲೇಜಿಗೆ, ಅಪ್ಪಾ. ಅಮ್ಮನಿಗೆ."

ಅವನು ಮೇಜಿನ ಮೇಲೆ ಎರಡೂ ಅಂಗೈ ಊರಿದ. ಮಂಡಿ ಮಾತು ಕೇಳಲಿಲ್ಲ. ಐಲಾ ಕೈ ಚಾಚಿದಳು, ಬೇಡವೆಂದು ತಲೆಯಾಡಿಸಿದ. ಅಂತೂ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಪರದೆಯಲ್ಲಿದ್ದವರು ಆಗಲೇ ಕೂತು, ಯಾವುದೋ ಸೇತುವೆ ರಿಪೇರಿಯ ಮಾತೆತ್ತಿಕೊಂಡಿದ್ದರು. ಆರ್ವಿಡ್ ಕೋಟಿನ ಗುಂಡಿ ಹಾಕಿಕೊಂಡು, ಎರಡೂ ಕೈ ಇಳಿಬಿಟ್ಟು, ಆ ಪುಟ್ಟ ಪರದೆಯ ಎದುರು ನಿಂತೇ ಇದ್ದ.