ವಹ್ಬಿ ಎಫೆಂದಿಯ ಕೈಬರಹ

"ಮಂಡಿ ನೆಟ್ಟಗಾಗ್ತಿಲ್ಲ ಎಫೆಂದಿ, ಸ್ವಲ್ಪ ಒತ್ತಿ ಹಿಡೀರಿ," ಎಂದ ಹೆಣ ತೊಳೆಯುವ ಹಸನ್.

ಹಿರಿಯ ಗುಮಾಸ್ತ ನಾಫಿಜ್ ಎಫೆಂದಿ ಕೈಲಿದ್ದ ತಂಬಿಗೆ ಕೆಳಗಿಟ್ಟು, ಸತ್ತ ಗೆಳೆಯ ವಹ್ಬಿಯ ಮಂಡಿಯ ಮೇಲೆ ಎರಡೂ ಕೈ ಊರಿದ. ಅದು ಜಗ್ಗಲಿಲ್ಲ.

"ತೇವ ಹಿಡಿದದ್ದು. ಹತ್ತೊಂಬತ್ತು ವರ್ಷ ಕಚೇರಿ ನೆಲಮಾಳಿಗೇಲಿ ಕೂತ್ರೆ ಇನ್ನೇನಾಗುತ್ತೆ? ನೀವು ಮಹಡಿ ಮೇಲೆ ಒಲೆ ಪಕ್ಕ ಇದ್ರಿ, ಅದಕ್ಕೇ ಗಟ್ಟಿಮುಟ್ಟಾಗಿದೀರಿ."

ಹಸನ್ ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ನಾಫಿಜನ ಕಿವಿ ಬಿಸಿಯಾದವು. ತಲೆ ತಗ್ಗಿಸಿ ಮತ್ತೆ ನೀರು ಹಾಕಿದ.

ಹೊರಗೆ ಹಿಪ್ಪುನೇರಳೆ ಮರದ ಕೆಳಗೆ ಜನ ಸೇರಿದ್ದರು. ಗವರ್ನರ್ ಕಚೇರಿಯ ಗುಮಾಸ್ತರು ಒಂದು ಕಡೆ. ಬೆಟ್ಟದ ಮೇಲಿನ ಚಾಮ್ಲಿ ಹಳ್ಳಿಯಿಂದ ಬೆಳಗಿನಿಂದ ನಡೆದು ಬಂದ ಹತ್ತು ಹನ್ನೆರಡು ರೈತರು ಇನ್ನೊಂದು ಕಡೆ.

"ಒಂಬತ್ತು ಗವರ್ನರ್ ಪಾಷಾಗಳನ್ನ ಕಂಡವನು ನಮ್ಮ ವಹ್ಬಿ," ಎಂದ ತಂತಿ ಕಚೇರಿಯ ರಾಸಿಮ್. "ಒಬ್ಬೊಬ್ಬ ಪಾಷಾನೂ ಬಂದ ದಿನ ಕಚೇರಿ ಮೇಜು ಬದಲಾಯಿಸ್ತಿದ್ದ, ಹೋಗೋ ದಿನ ಜಮಖಾನ ಸುತ್ಕೊಂಡು ಹೋಗ್ತಿದ್ದ. ಇವನು ಮಾತ್ರ ಇಲ್ಲೇ."

ಒಂದಿಬ್ಬರು ಮೆಲ್ಲಗೆ ನಕ್ಕರು. ಚಾಮ್ಲಿಯ ದುರ್ಸುನ್ ನಗಲಿಲ್ಲ.

"ನಮ್ಮ ಅರ್ಜಿ ಬರೆದುಕೊಟ್ಟಿದ್ದಕ್ಕೆ ತಾನೇ ಅವರನ್ನ ಕೆಳಗೆ ನೂಕಿದ್ದು? ಬರೆದವರು ಇವರೇ ಅಂತ ಯಾವ ನಾಯಿ ಹೋಗಿ ಬೊಗಳ್ತೋ! ಒಂದು ದಿನ ನನ್ನ ಕೈಗೆ ಸಿಕ್ಕಿದ್ದಿದ್ರೆ..."

ಹೆಣವನ್ನು ಹೊರಗೆ ತರುತ್ತಿರುವುದನ್ನು ಕಂಡು ಅವನು ಬಾಯಿ ಮುಚ್ಚಿದ. ಚಟ್ಟದ ಮುಂಭಾಗ ಹಿಡಿದಿದ್ದವನು ನಾಫಿಜ್.

*

ಹತ್ತೊಂಬತ್ತು ವರ್ಷದ ಹಿಂದಿನ ಆ ಚಳಿಗಾಲ ಆಗಿನ ಪಾಷಾ ಕಣಿವೆಯಲ್ಲಿ ರಸ್ತೆ ಹಾಕಿಸುತ್ತಿದ್ದ. ಸುಲ್ತಾನರು ಪಟ್ಟಕ್ಕೆ ಬಂದ ದಿನದ ಉತ್ಸವದೊಳಗೆ ಮುಗಿಯಲೇಬೇಕೆಂದು ಚಾಮ್ಲಿಯ ಗಂಡಸರನ್ನು ಹಿಮದಲ್ಲೂ ಬಿಟ್ಟಿ ದುಡಿಸಿದ. ಗುಡ್ಡದ ಹಿಮ ಜರಿದು ಮೂವರು ಸತ್ತರು. ಅವರಲ್ಲಿ ಒಬ್ಬ ದುರ್ಸುನನ ಅಣ್ಣ. ತಿಂಗಳೊಳಗೆ ಇಸ್ತಾಂಬುಲಿಗೆ ಬರೆದವರ ಹೆಸರಿಲ್ಲದ ಒಂದು ಅರ್ಜಿ ಹೋಯಿತು. ಅಲ್ಲಿನವರು ಅದನ್ನು, ವಿವರಣೆ ಕೊಡಿ ಎಂದು, ಅದೇ ಪಾಷಾನ ಮೇಜಿಗೆ ವಾಪಸು ಕಳಿಸಿದರು.

ಪಾಷಾ ನಾಫಿಜನನ್ನು ಒಳಗೆ ಕರೆಸಿ ಕೂರಿಸಿದ. ಕಾಫಿ ತರಿಸಿದ. ಕಾಗದ ಮುಂದೆ ತಳ್ಳಿ, "ಈ ಅಕ್ಷರ ಯಾರದು, ಗೊತ್ತೇನಯ್ಯ?" ಎಂದ.

ಗೊತ್ತಿತ್ತು. ನಾಫಿಜ್ ಮತ್ತು ವಹ್ಬಿ ಹದಿನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿ ಕೂತವರು. ಎಷ್ಟು ಮರೆಮಾಚಿ ಬರೆದರೂ ವಹ್ಬಿಯ ಸಾಲಿನ ಕೊನೆಯ ಅಕ್ಷರದ ಬಾಲ ಮೇಲಕ್ಕೆ ಚಿಮ್ಮುತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಪಾಷಾ ಹೆದರಿಸಿರಲಿಲ್ಲ, ಆಸೆ ತೋರಿಸಿರಲಿಲ್ಲ. ಎರಡನೆಯ ಸಲ ಕೇಳುವ ಪ್ರಮೇಯವೂ ಬರಲಿಲ್ಲ.

"ನಮ್ಮ ವಹ್ಬಿಯದು, ಪಾಷಾ," ಎಂದುಬಿಟ್ಟ. ಹೇಳುವಾಗ, ತನಗೆ ಗೊತ್ತಿದೆಯಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ಮುಂದೆ ಅವನನ್ನು ಬಹಳ ಸುಟ್ಟದ್ದು ಅದೇ.

ಮರುವಾರ ವಹ್ಬಿ ಹಳೆಯ ಕಡತಗಳ ನೆಲಮಾಳಿಗೆಗೆ ಇಳಿದ. ಅವನಿಗೆ ಬರಬೇಕಿದ್ದ ಹಿರಿಯ ಗುಮಾಸ್ತನ ಕುರ್ಚಿ ನಾಫಿಜನಿಗೆ ಬಂತು. ವಹ್ಬಿ ಏನೂ ಕೇಳಲಿಲ್ಲ. ಮೆಟ್ಟಿಲ ಬಳಿ ಎದುರಾದಾಗ, "ಏನಪ್ಪಾ, ಮೇಲೆ ಬಿಸಿಲಿದೆಯಾ?" ಎನ್ನುತ್ತಿದ್ದ, ಅಷ್ಟೆ.

*

ಚಟ್ಟ ಹೊರಡುವ ಮೊದಲು ವಹ್ಬಿಯ ಮಗಳು ಮುನೀರೆ ಅರೆತೆರೆದ ಬಾಗಿಲ ಹಿಂದಿನಿಂದ ಕರೆದಳು.

"ಚಿಕ್ಕಪ್ಪಾ, ಇದನ್ನ ತಗೊಳ್ಳಿ. ಅಪ್ಪ ಬರೆದಿಟ್ಟ ಕಚೇರಿ ಚರಿತ್ರೆ. ಮೊದಲನೇ ಪಾಷಾನಿಂದ ಇಲ್ಲೀವರೆಗೆ ಎಲ್ಲಾ ಇದೆ. ಹೊಸ ಪಾಷಾ ಅಚ್ಚು ಹಾಕಿಸ್ತಾರಂತೆ. ನೀವೊಮ್ಮೆ ನೋಡಿಕೊಡಬೇಕಂತೆ."

ದಪ್ಪ ಪುಸ್ತಕ. ನಾಫಿಜ್ ಗೋಡೆಯ ಕಡೆ ತಿರುಗಿ ನಿಂತು ಆ ವರ್ಷದ ಪುಟ ಹುಡುಕಿದ. ಯಾವ ಪಾಷಾ ಸೇತುವೆ ಕಟ್ಟಿಸಿದ, ಯಾವನು ಲಂಚ ತಿಂದ, ಒಂದನ್ನೂ ವಹ್ಬಿ ಮುಚ್ಚಿರಲಿಲ್ಲ. ಹಿಮದಲ್ಲಿ ಸತ್ತ ಮೂವರ ಹೆಸರಿತ್ತು. ಕೆಳಗೆ: "ಅರ್ಜಿ ಬರೆದ ಗುಮಾಸ್ತ ವಹ್ಬಿ ತಾನಾಗಿ ಪಾಷಾನ ಮುಂದೆ ಹೋಗಿ ತಪ್ಪೊಪ್ಪಿಕೊಂಡನು."

"ಆ ಪುಟಾನ ಮೂರು ಸಲ ಹರಿದು ಬರೆದ್ರು," ಎಂದಳು ಮುನೀರೆ. "ಯಾಕಪ್ಪಾ ಅಂದ್ರೆ, ಸುಮ್ನಿರು ಅಂದ್ರು."

ಅವಳಿಗೆ ಗೊತ್ತಿದೆಯೋ ಇಲ್ಲವೋ, ಆ ಕಣ್ಣುಗಳಿಂದ ತಿಳಿಯಲಿಲ್ಲ. ಸತ್ತವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಈ ಪುಟ ಅಚ್ಚಾದರೆ ನಾಫಿಜನ ಹೆಸರು ಇನ್ನೆಂದೂ ಹೊರಬರುವುದಿಲ್ಲ. ಅವನು ಪುಸ್ತಕವನ್ನು ಅವಳ ಕೈಗೇ ವಾಪಸು ಕೊಟ್ಟು, ಚಟ್ಟದ ಹಿಂದೆ ನಡೆದ.

*

ಮಸೀದಿಯ ಅಂಗಳದ ಕಲ್ಲಿನ ಮೇಲೆ ಚಟ್ಟ ಇಟ್ಟು ನಮಾಜು ಮುಗಿಸಿದರು. ಇಮಾಮರು ಜನರ ಕಡೆ ತಿರುಗಿದರು.

"ಈತನನ್ನು ಹೇಗೆ ಬಲ್ಲಿರಿ?"

"ಒಳ್ಳೆಯವರು ಅಂತ ಬಲ್ಲೆವು."

"ಈತನ ಮೇಲೆ ನಿಮ್ಮ ಹಕ್ಕು, ಬಾಕಿ, ದೂರು ಏನಾದರೂ ಇದ್ದರೆ ಬಿಟ್ಟುಕೊಡುತ್ತೀರಾ?"

"ಬಿಟ್ಟುಕೊಟ್ಟೆವು."

ವಾಡಿಕೆಯಂತೆ ಎರಡನೆಯ ಸಲವೂ ಕೇಳಿದರು. ಮೂರನೆಯ ಸಲ ಇಮಾಮರು ಬಾಯಿ ತೆರೆಯುವಷ್ಟರಲ್ಲಿ ನಾಫಿಜ್ ಸಾಲಿನಿಂದ ಮುಂದೆ ಬಂದ.

"ಇಮಾಮರೇ, ನನಗೆ ಇವನ ಮೇಲೆ ಯಾವ ಹಕ್ಕೂ ಇಲ್ಲ. ಬಿಟ್ಟುಕೊಡಬೇಕಾದವನು ಇವನು, ಇವನನ್ನ ಇನ್ನು ಕೇಳೋ ಹಾಗಿಲ್ಲ." ಚಟ್ಟದ ಅಂಚು ಹಿಡಿದ. "ತಾನೇ ಒಪ್ಪಿಕೊಂಡೆ ಅಂತ ಪುಸ್ತಕದಲ್ಲಿ ಬರೆದಿದಾನೆ. ಸುಳ್ಳು. ಅಕ್ಷರ ಇವನದು ಅಂತ ಪಾಷಾಗೆ ಹೇಳಿದ್ದು ನಾನು."

ರಾಸಿಮ್ ತನ್ನ ಚಪ್ಪಲಿ ನೋಡಿಕೊಂಡ. ದುರ್ಸುನ್ ಒಂದು ಹೆಜ್ಜೆ ಮುಂದಿಟ್ಟ. ಪಕ್ಕದವನು ತೋಳು ಹಿಡಿದ.

ಇಮಾಮರು ಮೂರನೆಯ ಸಲ ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಚದುರಿ ಚದುರಿ ಬಂತು.

ಗೋರಿಯ ಬಳಿ ಇದ್ದದ್ದು ಒಂದೇ ಸಲಿಕೆ. ಅದನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ; ಮಣ್ಣು ಹಾಕಿದವನು ನೆಲಕ್ಕಿಡಬೇಕು, ಮುಂದಿನವನು ಎತ್ತಿಕೊಳ್ಳಬೇಕು. ಮುನೀರೆಯ ಗಂಡ ಹಾಕಿದ. ರಾಸಿಮ್ ಹಾಕಿದ. ನಾಫಿಜ್ ಎತ್ತಿಕೊಂಡು ಮೂರು ಸಲಿಕೆ ಮಣ್ಣು ಹಾಕಿ, ಕೆಳಗಿಟ್ಟು, ಹಿಂದೆ ಸರಿದ.

ಮುಂದಿನ ಸರದಿ ದುರ್ಸುನನದು. ಅವನು ಸಲಿಕೆಯನ್ನು ನೋಡಿದ. ಕೈಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ಅವನ ಹಿಂದಿನವನೂ ಬಗ್ಗಲಿಲ್ಲ. ಅವನ ಹಿಂದಿನವನೂ.

ನಾಫಿಜ್ ಎಫೆಂದಿ ತುಸು ಕಾದ. ಆಮೇಲೆ ಕೋಟು ಕಳಚಿ ಹುಲ್ಲಿನ ಮೇಲೆ ಹಾಕಿ, ಬಗ್ಗಿ, ತಾನಿಟ್ಟ ಸಲಿಕೆಯನ್ನು ತಾನೇ ಎತ್ತಿಕೊಂಡ. ಊರಿಗೆ ಊರೇ ಸುತ್ತ ನಿಂತು ನೋಡುತ್ತಿತ್ತು. ಗುಂಡಿ ಇನ್ನೂ ಅರ್ಧ ತುಂಬಿರಲಿಲ್ಲ.